ಹತ್ತಿ ಹಿಂಜಿದವರ ಹೆಸರು

ವಿಜಯಪುರ, ಬಾಗಲಕೋಟೆ, ಧಾರವಾಡ, ಗದಗ ಸೀಮೆಯ ಶಾಲೆಗಳ ಹಾಜರಿ ಪುಸ್ತಕದಲ್ಲಿ ಮುಸ್ಲಿಂ ಮಕ್ಕಳ ಅಡ್ಡಹೆಸರುಗಳನ್ನು ಸುಮ್ಮನೆ ಓದುತ್ತ ಹೋದರೆ ಒಂದು ಹಳೆಯ ಪೇಟೆಯೇ ಕಣ್ಣ ಮುಂದೆ ನಿಲ್ಲುತ್ತದೆ. ಅತ್ತಾರ, ಬಾಗವಾನ, ಮಣಿಯಾರ, ತಾಂಬೋಳಿ, ಜಮಾದಾರ, ಕಿಲ್ಲೇದಾರ, ಮುಲ್ಲಾ, ಮುಜಾವರ, ನದಾಫ. ಅತ್ತರು ಮಾರಿದವರು, ಹಣ್ಣು ಮಾರಿದವರು, ಬಳೆ ತೊಡಿಸಿದವರು, ಎಲೆಯಡಿಕೆ ಕೊಟ್ಟವರು, ಸಿಪಾಯಿಗಳನ್ನು ನಡೆಸಿದವರು, ಕೋಟೆ ಕಾಯ್ದವರು, ಮಸೀದಿ–ದರ್ಗಾ ನೋಡಿಕೊಂಡವರು. ಕೊನೆಯ ಹೆಸರಿನವರು ಹತ್ತಿ ಹಿಂಜಿದವರು.

ಬಾಗವಾನರ ಹಣ್ಣಿನಂಗಡಿ ಇಂದಿಗೂ ಊರೂರ ಮಾರುಕಟ್ಟೆಯಲ್ಲಿದೆ. ಮಣಿಯಾರರ ಬಳೆಯಂಗಡಿಗೆ ಜಾತ್ರೆ ಬಂದರೆ ಕೈತುಂಬ ಕೆಲಸ. ನದಾಫರ ಕಸುಬು ಮಾತ್ರ ಎರಡು ತಲೆಮಾರಿನೊಳಗೆ ಹೆಚ್ಚೂಕಡಿಮೆ ಮುಗಿದುಹೋಯಿತು. ಇಂದು ಆ ಹೆಸರಿನವರು ಶಿಕ್ಷಕರಾಗಿದ್ದಾರೆ, ಬಸ್ ಕಂಡಕ್ಟರ್ ಆಗಿದ್ದಾರೆ, ಎಂಜಿನಿಯರ್ ಆಗಿದ್ದಾರೆ, ಗಾರೆ ಕೆಲಸಕ್ಕೂ ಹೋಗುತ್ತಾರೆ. ಅವರಲ್ಲಿ ಬಹುಪಾಲು ಜನ ಹತ್ತಿ ಹಿಂಜುವ ಬಿಲ್ಲನ್ನು ಕೈಯಲ್ಲಿ ಹಿಡಿದವರಲ್ಲ. ಆದರೂ ಹೆಸರು ಗಟ್ಟಿಯಾಗಿ ಉಳಿದಿದೆ. ಅದು ಬಂದ ದಾರಿ ಹುಡುಕಿ ಹೊರಟರೆ ಬಾಗ್ದಾದಿನವರೆಗೂ ಹೋಗಬೇಕಾಗುತ್ತದೆ.

ಮೊದಲು ಆ ಕೆಲಸವನ್ನೇ ಹತ್ತಿರದಿಂದ ನೋಡಬೇಕು. ಗಿಡದಿಂದ ಬಿಡಿಸಿ ತಂದ ಹತ್ತಿಯಲ್ಲಿ ಬೀಜ ಇರುತ್ತದೆ. ಬೀಜ ತೆಗೆದ ಮೇಲೆ ಉಳಿಯುವ ಅರಳೆ ಗಂಟುಗಂಟಾಗಿ, ಒಣ ಎಲೆಯ ಚೂರು, ಮಣ್ಣು, ಬೀಜದ ಸಿಪ್ಪೆಗಳೊಂದಿಗೆ ಬೆರೆತಿರುತ್ತದೆ. ಅದರಿಂದ ನೇರವಾಗಿ ನೂಲು ತೆಗೆಯಲಾಗದು. ಇಲ್ಲಿ ಪಿಂಜಾರನ, ಎಂದರೆ ಹತ್ತಿ ಹಿಂಜುವವನ, ಪ್ರವೇಶ. ಆಳುದ್ದದ ಮರದ ಬಿಲ್ಲು, ಅದಕ್ಕೆ ಬಿಗಿದ ಕರುಳಿನ ದಾರ. ಬಿಲ್ಲನ್ನು ಮೇಲಿನ ತೊಲೆಗೆ ಹಗ್ಗದಿಂದ ತೂಗುಹಾಕಿ, ಎಡಗೈಯಲ್ಲಿ ಅದರ ನಡುವನ್ನು ಹಿಡಿದು, ಅರಳೆ ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂರುತ್ತಾನೆ. ಬಲಗೈಯಲ್ಲಿ ಎರಡೂ ತುದಿ ದಪ್ಪಗಿರುವ ಮರದ ಹಿಡಿ. ಅದರಿಂದ ದಾರವನ್ನು ಮೀಟಿ ಮೀಟಿ ಹೊಡೆದಾಗ ಅದು ಟಂಯ್ ಟಂಯ್ ಎಂದು ನಡುಗುತ್ತ ಅರಳೆಯ ಮೇಲ್ಪದರವನ್ನು ತಾಕುತ್ತದೆ. ಎಳೆ ಎಳೆಯಾಗಿ ಬಿಡಿಸಿಕೊಂಡ ಹತ್ತಿ ಗಾಳಿಗೆ ಹಾರಿ ಮುಂದೆ ಬೀಳುತ್ತದೆ, ಕಸ ಕೆಳಗೆ ಉದುರುತ್ತದೆ. ದಾರ ರಾಶಿಯೊಳಗೆ ಆಳಕ್ಕೆ ಹೋದರೆ ಸಿಕ್ಕಿಕೊಳ್ಳುತ್ತದೆ, ಮೇಲೆ ಉಳಿದರೆ ಬರೀ ಸದ್ದು. ಆ ಬೆರಳಗಲದ ಅಂತರವನ್ನು ಗಂಟೆಗಟ್ಟಲೆ ಕಾಯ್ದುಕೊಳ್ಳುವುದೇ ಈ ಕಸುಬಿನ ವಿದ್ಯೆ. ಅದನ್ನು ಕಲಿಯಲು ಮಕ್ಕಳು ಅಪ್ಪನ ಪಕ್ಕದಲ್ಲಿ ವರ್ಷಗಟ್ಟಲೆ ಕೂರುತ್ತಿದ್ದರು. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೂ ಹತ್ತಿಯ ದೂಳು ಎದೆಗೆ ಇಳಿಯದೆ ಬಿಡುತ್ತಿರಲಿಲ್ಲ.

ಹೀಗೆ ಹಿಂಜಿದ ಹತ್ತಿಯನ್ನು ಕಡ್ಡಿಗೆ ಸುತ್ತಿ ಹೊಸೆದರೆ ಹಂಜಿ. ಹಂಜಿ ಇದ್ದರೆ ಮಾತ್ರ ರಾಟೆ ತಿರುಗುತ್ತದೆ, ರಾಟೆ ತಿರುಗಿದರೆ ಮಗ್ಗ ನಡೆಯುತ್ತದೆ. ನಮ್ಮ ಸಾಹಿತ್ಯ ನೂಲುವವರನ್ನೂ ನೇಯುವವರನ್ನೂ ಚೆನ್ನಾಗಿ ನೆನಪಿಟ್ಟುಕೊಂಡಿದೆ. ನೂಲುವ ಕಾಯಕದ ಕದಿರೆ ರೆಮ್ಮವ್ವೆ, ನೇಕಾರ ದೇವರ ದಾಸಿಮಯ್ಯ ವಚನಕಾರರ ಸಾಲಿನಲ್ಲಿ ನಿಂತಿದ್ದಾರೆ. ಅವರ ಕೈಗೆ ಅರಳೆಯನ್ನು ಹದಮಾಡಿ ಕೊಟ್ಟವರ ಹೆಸರು ಅಷ್ಟಾಗಿ ಯಾರ ನಾಲಿಗೆಯ ಮೇಲೂ ಉಳಿಯಲಿಲ್ಲ. ಅದು ಉಳಿದದ್ದು ಅಡ್ಡಹೆಸರಿನಲ್ಲಿ.

ನದಾಫ ಅರಬ್ಬಿಯಿಂದ ಬಂದದ್ದು. ಅಲ್ಲಿ ‘ನದ್ದಾಫ್’ ಎಂದರೆ ಹತ್ತಿ ಹಿಂಜುವವನು. ಅರಬ್ಬಿಯಲ್ಲಿ ಕಸುಬಿನ ಹೆಸರುಗಳು ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ಮೂಡುತ್ತವೆ: ಕಮ್ಮಾರ ಹದ್ದಾದ್, ಬಡಗಿ ನಜ್ಜಾರ್, ದರ್ಜಿ ಖಯ್ಯಾತ್, ಗುಡಾರ ಹೊಲಿಯುವವನು ಖಯ್ಯಾಮ್, ಸುಗಂಧ ಮಾರುವವನು ಅತ್ತಾರ್. ಪಾರಸಿ ಕವಿಗಳಾದ ಉಮರ್ ಖಯ್ಯಾಮ್ ಮತ್ತು ಫರೀದುದ್ದೀನ್ ಅತ್ತಾರ್ ಇಬ್ಬರ ಹೆಸರಿನಲ್ಲೂ ಕಸುಬೇ ಕೂತಿದೆ. ಹಾಗಾಗಿ ಬಾಗಲಕೋಟೆಯ ಅತ್ತಾರ ಮನೆತನಕ್ಕೂ ನಿಶಾಪುರದ ಮಹಾಕವಿಗೂ ರಕ್ತಸಂಬಂಧ ಇರಬೇಕಿಲ್ಲ, ಹೆಸರಿನ ಸಂಬಂಧವಂತೂ ಇದೆ.

ಕಸುಬಿನ ಹೆಸರಿನ ದೊಡ್ಡ ಗುಣ ಇದು. ಸಯ್ಯದ್ ಎಂದರೆ ಪ್ರವಾದಿಯವರ ವಂಶ, ಖಾನ್ ಎಂದರೆ ಮಧ್ಯ ಏಷ್ಯಾದ ಹುಲ್ಲುಗಾವಲಿನ ಅರಸೊತ್ತಿಗೆ. ಅವು ‘ನಾವು ಯಾರಿಂದ ಹುಟ್ಟಿದವರು’ ಎಂದು ಹೇಳಿಕೊಳ್ಳುತ್ತವೆ. ನದಾಫ ಹೇಳುವುದು ‘ನಾವು ಏನು ಮಾಡಿದವರು’ ಎಂಬುದನ್ನು. ಅದಕ್ಕೆ ಒಬ್ಬ ಮೂಲಪುರುಷ ಬೇಕಿಲ್ಲ. ಹತ್ತಿ ಮತ್ತು ಅರಬ್ಬಿ ಎರಡೂ ಇದ್ದ ಕಡೆಯಲ್ಲೆಲ್ಲ ಅದು ತಾನಾಗಿ ಹುಟ್ಟಿಕೊಂಡಿತು. ಧರ್ಮದ ಬೇಲಿಯೂ ಅದಕ್ಕೆ ಅಡ್ಡಬರಲಿಲ್ಲ. ಯೆಮೆನ್‌ನ ಯಹೂದಿಗಳಲ್ಲಿ ಈ ಹೆಸರಿದೆ. ಅಲ್ಲಿಂದ ಜೆರುಸಲೇಮಿಗೆ ಬಂದು ನೆಲೆಸಿದ ಧರ್ಮಗುರು ಅವ್ರಾಹಂ ಅಲ್-ನದ್ದಾಫ್ ಆ ಸಮುದಾಯದಲ್ಲಿ ಹೆಸರಾದವರು. ನಜರೆತ್ ಕಡೆಯ ಅರಬ್ ಕ್ರೈಸ್ತರಲ್ಲೂ ನದ್ದಾಫ್ ಮನೆತನವಿದೆ. ಗೇಬ್ರಿಯಲ್ ನದ್ದಾಫ್ ಎಂಬವರು ಗ್ರೀಕ್ ಆರ್ಥೊಡಾಕ್ಸ್ ಪಾದ್ರಿ. ನಮ್ಮಲ್ಲಿ ಮುಸ್ಲಿಂ ಹೆಸರು ಎಂದೇ ಕೇಳಿಸುವ ಇದು ಒಂದೊಂದು ನಾಡಿನಲ್ಲಿ ಒಂದೊಂದು ಧರ್ಮದವರ ಮನೆಯ ಬಾಗಿಲಲ್ಲಿದೆ.

ಅರಬ್ಬಿಯಲ್ಲಿ ಹತ್ತಿಯ ಕೆಲಸದವನಿಗೆ ಇನ್ನೊಂದು ಹೆಸರೂ ಇದೆ: ಹಲ್ಲಾಜ್. ಆ ಹೆಸರು ಕೇಳಿದೊಡನೆ ಸೂಫಿ ಪರಂಪರೆ ಬಲ್ಲವರು ಎದ್ದು ಕೂರುತ್ತಾರೆ. ಹುಸೇನ್ ಇಬ್ನ್ ಮನ್ಸೂರ್ ಅಲ್-ಹಲ್ಲಾಜ್ ಇರಾನಿನ ಫಾರ್ಸ್ ಪ್ರಾಂತ್ಯದಲ್ಲಿ ಸುಮಾರು 858ರಲ್ಲಿ ಹುಟ್ಟಿದವರು. ‘ಅನಲ್ ಹಕ್’, ನಾನೇ ಸತ್ಯ ಎಂದ ಮಾತು ಅವರದೆಂದೇ ಲೋಕ ನಂಬಿದೆ. 922ರಲ್ಲಿ ಬಾಗ್ದಾದಿನಲ್ಲಿ ಅವರಿಗೆ ಮರಣದಂಡನೆಯಾಯಿತು. ಅವರಿಗೆ ಹಲ್ಲಾಜ್ ಎಂಬ ಹೆಸರು ಬಂದ ಬಗ್ಗೆ ಒಂದು ಕಥೆ ಜನಜನಿತ. ಹತ್ತಿ ಹಿಂಜುವವನೊಬ್ಬನ ಅಂಗಡಿಗೆ ಹೋಗಿ, ಅವನನ್ನು ತಮ್ಮ ಯಾವುದೋ ಕೆಲಸಕ್ಕೆ ಕಳಿಸಿದರಂತೆ. ಕೂಲಿ ಕಳೆದುಕೊಂಡೆನಲ್ಲ ಎಂದು ಕೊರಗುತ್ತ ಅವನು ಮರಳಿ ಬಂದು ನೋಡಿದರೆ ಅಂಗಡಿಯ ಹತ್ತಿಯೆಲ್ಲ ಹಿಂಜಿ ಮುಗಿದಿತ್ತಂತೆ! ತಂದೆಯ ಕಸುಬಿನಿಂದಲೇ ಆ ಹೆಸರು ಬಂತು ಎನ್ನುವವರೂ ಇದ್ದಾರೆ. ಕಥೆ ಯಾವುದಾದರೂ ಇರಲಿ, ಹತ್ತಿ ಹಿಂಜುವವರಿಗೆ ಒಬ್ಬ ಹುತಾತ್ಮ ಸಂತ ಸಿಕ್ಕಿದ.

ಇದರ ಫಲ ಭಾರತದಲ್ಲಿ ಕಾಣುತ್ತದೆ. ಉತ್ತರ ಭಾರತದಲ್ಲಿ ಹತ್ತಿ ಹಿಂಜುವ ಮುಸ್ಲಿಮರನ್ನು ಧುನಿಯಾ ಎಂದೂ ಬೇಹ್ನಾ ಎಂದೂ, ಗುಜರಾತ್–ರಾಜಸ್ಥಾನಗಳಲ್ಲಿ ಪಿಂಜಾರಾ ಎಂದೂ ಕರೆಯುತ್ತಿದ್ದರು. 16ನೇ ಶತಮಾನದ ಸಂತ ಕವಿ ದಾದೂ ದಯಾಳ ಹತ್ತಿ ಹಿಂಜುವವರ ಮನೆಯವನೆಂದೇ ಪ್ರತೀತಿ. ಇಪ್ಪತ್ತನೇ ಶತಮಾನದಲ್ಲಿ ಈ ಸಮುದಾಯಗಳ ಬಹಳಷ್ಟು ಜನ ಹಳೆಯ ಹೆಸರುಗಳನ್ನು ಬಿಟ್ಟು ‘ಮನ್ಸೂರಿ’ ಎಂದು ಬರೆಯತೊಡಗಿದರು. ಮನ್ಸೂರ್ ಹಲ್ಲಾಜನ ಕಡೆಯವರು ಎಂಬ ಹೆಮ್ಮೆ ಅದು. ಮನ್ಸೂರ್ ಸಂತನ ಸ್ವಂತ ಹೆಸರಲ್ಲ, ಆತನ ತಂದೆಯದು. ಸಂತನ ಹೆಸರು ಹುಸೇನ್. ಆದರೆ ಜನರ ಬಾಯಲ್ಲಿ ಆತ ಶತಮಾನಗಳಿಂದ ಮನ್ಸೂರನೇ. ಅಡ್ಡಹೆಸರು ಹುಟ್ಟುವುದು ಜನರ ಬಾಯಿಂದಲೇ ತಾನೆ?

ಮನ್ಸೂರಿಗಳು ಒಬ್ಬಂಟಿಯಾಗಿ ಈ ದಾರಿ ಹಿಡಿದವರಲ್ಲ. ಅದೇ ಕಾಲದಲ್ಲಿ ಉತ್ತರದ ನೇಕಾರ ಜುಲಾಹಾಗಳು ಮದೀನಾದಲ್ಲಿ ಪ್ರವಾದಿಯವರಿಗೆ ನೆರವಾದ ಅನ್ಸಾರರನ್ನು ನೆನೆದು ಅನ್ಸಾರಿಗಳಾದರು. ಕಸಾಯಿ ಕೆಲಸದವರು ಖುರೈಷಿಗಳಾದರು, ಕ್ಷೌರಿಕರು ಸಲ್ಮಾನಿಗಳಾದರು, ದರ್ಜಿಗಳು ಇದ್ರೀಸಿಗಳಾದರು. ಜನಗಣತಿಯವರು ಮನೆಬಾಗಿಲಿಗೆ ಬಂದು ಜಾತಿ ಬರೆದುಕೊಳ್ಳುತ್ತಿದ್ದ ಕಾಲ ಅದು. ಊರವರು ತಾತ್ಸಾರದಿಂದ ಕೂಗುವ ಹೆಸರನ್ನೇ ಸರ್ಕಾರದ ಪುಸ್ತಕದಲ್ಲೂ ಬರೆಸಬೇಕೆ ಎಂಬ ಪ್ರಶ್ನೆ ಅವರ ಮುಂದಿತ್ತು. ಇದನ್ನು ಸುಳ್ಳು ವಂಶಾವಳಿ ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಮೈಮುರಿದು ದುಡಿದೂ ಮರ್ಯಾದೆ ಸಿಗದವರು ಮರ್ಯಾದೆಯ ಹೆಸರೊಂದನ್ನು ಆರಿಸಿಕೊಂಡರು, ಅಷ್ಟೆ.

ಈ ಹಿನ್ನೆಲೆಯಲ್ಲಿ ನದಾಫ ಎಂಬ ಹೆಸರು ವಿಶಿಷ್ಟವಾಗಿ ಕಾಣುತ್ತದೆ. ಅದು ಅರಬ್ಬಿಯ ಗೌರವವನ್ನೂ ಹೊತ್ತಿದೆ, ಕಸುಬನ್ನೂ ಮುಚ್ಚಿಟ್ಟಿಲ್ಲ.

ದಖ್ಖನಿಗೆ ಅದು ಬಂದ ಕಾಲವನ್ನು ಇಂಥ ವರ್ಷವೆಂದು ಬೊಟ್ಟು ಮಾಡಲಾಗದಿದ್ದರೂ ಅದಕ್ಕೆ ನೆಲ ಹದವಾದದ್ದು ಹೇಗೆಂದು ಊಹಿಸಬಹುದು. ರಾಟೆಯ ಬಗ್ಗೆ ಭಾರತದಲ್ಲಿ ದೊರೆತ ಖಚಿತವಾದ ಮೊದಲ ಉಲ್ಲೇಖ 1350ರದು. ಅದನ್ನು ಬರೆದ ಕವಿ–ಇತಿಹಾಸಕಾರ ಇಸಾಮಿ ಬಹಮನಿ ರಾಜ್ಯದ ಸ್ಥಾಪಕ ಅಲಾವುದ್ದೀನ್ ಹಸನ್ ಬಹಮನ್ ಶಾಹನ ಆಶ್ರಯದಲ್ಲಿದ್ದವನು. ಆ ರಾಜ್ಯದ ಆಗಿನ ರಾಜಧಾನಿ ನಮ್ಮ ಕಲಬುರಗಿ. ದೆಹಲಿಯ ಸುಲ್ತಾನಳಾಗಿದ್ದ ರಜಿಯಾಳನ್ನು ಟೀಕಿಸುತ್ತ, ಹೆಂಗಸಿಗೆ ಸಿಂಹಾಸನಕ್ಕಿಂತ ರಾಟೆಯೇ ಸರಿ ಎಂಬರ್ಥದಲ್ಲಿ ಆತ ಬರೆದಿದ್ದಾನೆ. ಆ ಅಭಿಪ್ರಾಯ ಒಪ್ಪುವಂಥದಲ್ಲ, ಆದರೆ ತಂತ್ರಜ್ಞಾನದ ಚರಿತ್ರೆಗೆ ಅದೊಂದು ಅಮೂಲ್ಯ ಸಾಕ್ಷ್ಯ. ಕೈಕದಿರಿಗಿಂತ ರಾಟೆಯಲ್ಲಿ ನೂಲು ಹಲವು ಪಟ್ಟು ಬೇಗ ಬರುತ್ತದೆ. ನೂಲುವುದು ಬೇಗವಾದರೆ ಹಂಜಿಯೂ ಅಷ್ಟೇ ಬೇಗ ಬೇಕು. ಕಪ್ಪು ಎರೆಮಣ್ಣಿನ ಈ ಸೀಮೆಯಲ್ಲಿ ಹತ್ತಿಗೆ ಬರವಿರಲಿಲ್ಲ. ಹಿಂಜುವ ಕೈಗಳಿಗೆ ಕೆಲಸ ಹೆಚ್ಚಿರಲೇಬೇಕು.

ಬಹಮನಿಗಳ ನಂತರ ವಿಜಯಪುರದ ಆದಿಲ್‌ಶಾಹಿಗಳು. ಪಾರಸಿ ಮಾತು ದಫ್ತರದ ಮಾತಾಗಿದ್ದ ದಿನಗಳು. ಕಸುಬುದಾರರ ಮೇಲೆ ಮೊಹತರ್ಫಾ ಎಂಬ ತೆರಿಗೆ ಇತ್ತು. ಬ್ರಿಟಿಷರ ಆಳ್ವಿಕೆ ಬಂದ ಮೇಲೂ ಕೆಲವು ದಶಕ ಅದು ಮುಂದುವರಿಯಿತು. ತೆರಿಗೆ ಹಾಕಬೇಕಾದರೆ ಯಾರು ಯಾವ ಕಸುಬಿನವರೆಂದು ಬರೆದಿಡಲೇಬೇಕು. ಊರಲ್ಲಿ ಪಿಂಜಾರನಾಗಿದ್ದವನು ದಫ್ತರದಲ್ಲಿ ನದಾಫನಾದದ್ದು ಇಂಥ ಬರವಣಿಗೆಯ ದಾರಿಯಲ್ಲೇ ಎನ್ನುವುದು ಸಹಜವಾದ ಊಹೆ. ಜನರ ಬಾಯಿಯ ಹೆಸರು, ಕಾಗದದ ಹೆಸರು ಎಂದು ಎರಡೂ ಜೊತೆಜೊತೆಗೆ ನಡೆದವು. ಇಂದಿಗೂ ನಡೆಯುತ್ತಿವೆ.

1884ರಲ್ಲಿ ಹೊರಬಂದ ಧಾರವಾಡ ಜಿಲ್ಲೆಯ ಗೆಜೆಟಿಯರ್ ಅಲ್ಲಿನ ಮುಸ್ಲಿಂ ಪಂಗಡಗಳನ್ನು ವಿವರಿಸುವಾಗ ಪಿಂಜಾರರನ್ನೂ ಹೆಸರಿಸಿ, ಅವರು ಇದೇ ನೆಲದ ಮೂಲದವರು, ಇಲ್ಲಿಯೇ ಮತಾಂತರವಾದವರು ಎನ್ನುತ್ತದೆ. ಇದು ನಂಬಬಹುದಾದ ಮಾತು. ಇವರಲ್ಲಿ ಬಹಳ ಮನೆಗಳ ಮಾತು ಕನ್ನಡ. ಬಳ್ಳಾರಿ, ರಾಯಚೂರು ಗಡಿಯತ್ತ ತೆಲುಗು. ಹುಸೇನಪ್ಪ, ಫಕ್ಕೀರಪ್ಪ ಎಂಬಂಥ ಹೆಸರುಗಳಲ್ಲಿ ಅರಬ್ಬಿ ಮತ್ತು ಕನ್ನಡ ಒಂದೇ ಉಸಿರಿನಲ್ಲಿ ಬರುತ್ತವೆ. ಹೆಸರು ದೂರದೇಶದಿಂದ ಬಂದಿದೆ, ಹೆಸರು ಹೊತ್ತವರು ಇಲ್ಲಿಯವರೇ.

ನಕ್ಷೆಯ ಮೇಲೆ ನೋಡಿದರೆ ಅಡ್ಡಹೆಸರಾಗಿ ನದಾಫ ಗಟ್ಟಿಯಾಗಿ ಬೇರೂರಿದ್ದು ಹಳೆಯ ಮುಂಬೈ ಪ್ರಾಂತ್ಯದ ಜಿಲ್ಲೆಗಳಲ್ಲಿ. ಗಡಿಯಾಚೆಯ ಸೊಲ್ಲಾಪುರ, ಸಾಂಗ್ಲಿ, ಕೊಲ್ಲಾಪುರಗಳಲ್ಲೂ ಅದು ಮನೆಮಾತು. ಕಾರಣ ಸರಳ: ಅಲ್ಲಿ ಎಲ್ಲ ಜಾತಿಯವರಿಗೂ ಅಡ್ಡಹೆಸರು ಬೇಕಿತ್ತು. ಪಾಟೀಲ, ಕುಲಕರ್ಣಿ, ಬಡಿಗೇರ, ಕಂಬಾರ ಎಂದು ಶಾಲೆಗೆ ಸೇರಿಸುವಾಗಲೇ ಬರೆಸುವ ರೂಢಿ. ತುಂಗಭದ್ರೆ ದಾಟಿ ದಾವಣಗೆರೆ, ಚಿತ್ರದುರ್ಗ, ತುಮಕೂರಿಗೆ ಬಂದರೆ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳ ರಾಜ್ಯ. ಅಲ್ಲಿ ಇದೇ ಸಮುದಾಯದವರು ಪಿಂಜಾರರೆಂದೇ ಪರಿಚಿತರು, ಹೆಸರಿನ ಕೊನೆಗೆ ಏನನ್ನೂ ಬರೆಯದವರೇ ಹೆಚ್ಚು. ಕೆಲವು ಕಡೆ ನದಾಫ ‘ಲದಾಫ’ ಆಗಿದೆ. ಆಂಧ್ರಕ್ಕೆ ಹೋದರೆ ಇದೇ ಸಮುದಾಯದ ಹೆಸರು ದೂದೇಕುಲ, ನೂರ್‌ಬಾಷಾ.

ತೆಲುಗು ನಾಡಿನಲ್ಲಿ ಪಿಂಜಾರಿ ಎಂಬುದು ಬೈಗುಳವಾಗಿಯೂ ಬಳಕೆಯಾಯಿತು. ಬುರ್ರಕಥಾ ಎಂಬ ಕಥನಕಲೆಗೆ ಇಪ್ಪತ್ತನೇ ಶತಮಾನದಲ್ಲಿ ಹೊಸ ಜೀವ ಕೊಟ್ಟ ಶೇಖ್ ನಾಜರ್ ಅದೇ ದೂದೇಕುಲ ಸಮುದಾಯದವರು. ಗುಂಟೂರು ಕಡೆಯ ಬಡ ಕುಟುಂಬದಲ್ಲಿ ಹುಟ್ಟಿ, ಊರೂರು ಸುತ್ತಿ ಹಾಡಿ, 1986ರಲ್ಲಿ ಪದ್ಮಶ್ರೀ ಪಡೆದವರು. ಅವರ ಆತ್ಮಕಥೆಯ ಹೆಸರು ‘ಪಿಂಜಾರಿ’. ತನ್ನವರನ್ನು ಹೀಯಾಳಿಸಲು ಬಳಸುತ್ತಿದ್ದ ಮಾತನ್ನೇ ಪುಸ್ತಕದ ಮುಖಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿಸಿಕೊಂಡ ಆ ಕಲಾವಿದನ ಎದೆಗಾರಿಕೆ ದೊಡ್ಡದು. ಮನ್ಸೂರಿ ಎಂದು ಬದಲಿಸಿಕೊಂಡವರದು ಒಂದು ದಾರಿಯಾದರೆ ನಾಜರ್ ಅವರದು ಅದರ ಎದುರು ದಾರಿ. ಎರಡೂ ಹೊರಟದ್ದು ಒಂದೇ ನೋವಿನಿಂದ.

ಕಸುಬಿಗೆ ಪೆಟ್ಟು ಬಿದ್ದದ್ದು ಹಂತಹಂತವಾಗಿ. 1775ರಲ್ಲಿ ಇಂಗ್ಲೆಂಡಿನ ರಿಚರ್ಡ್ ಆರ್ಕ್‌ರೈಟ್ ಹತ್ತಿ ಹಿಂಜುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅದರ ಬಿಸಿ ಧಾರವಾಡ ಸೀಮೆಗೆ ತಾಗಲು ಮುಂದಿನ ಶತಮಾನವೇ ಬೇಕಾಯಿತು. ಮಿಲ್ಲಿನ ನೂಲು ಅಗ್ಗವಾಗಿ ಬಂದು ಬೀಳತೊಡಗಿದಾಗ ಮನೆಯ ರಾಟೆಗಳು ಅಟ್ಟ ಸೇರಿದವು. ಇಲ್ಲಿಯ ಹತ್ತಿ ಅಂಡಿಗೆಯಾಗಿ ಮುಂಬೈಗೆ, ಅಲ್ಲಿಂದ ಹಡಗು ಹತ್ತಿ ಲಿವರ್‌ಪೂಲಿಗೆ ಹೋಯಿತು. ಹಂಜಿ ಕೇಳುವವರಿಲ್ಲವಾದಾಗ ಪಿಂಜಾರರು ಗಾದಿ, ತಲೆದಿಂಬು, ರಜಾಯಿಯ ಕಡೆ ತಿರುಗಿದರು. ನಮ್ಮ ಹಿರಿಯರು ನೆನಪಿಸಿಕೊಳ್ಳುವ ಪಿಂಜಾರ ಈ ಎರಡನೆಯ ಹಂತದವನು. ಹೆಗಲ ಮೇಲೆ ಬಿಲ್ಲು ಹೊತ್ತು, ದಾರ ಮೀಟಿ ಸದ್ದು ಮಾಡುತ್ತ ಓಣಿಗೆ ಬಂದರೆ, ‘ಪಿಂಜಾರ ಬಂದಾನ ನೋಡವ್ವಾ, ಗಾದಿ ತಗಿ’ ಎಂದು ಮನೆಮನೆಯಲ್ಲಿ ಕೂಗು. ವರ್ಷಗಟ್ಟಲೆ ಮಲಗಿ ಕಲ್ಲಾದ ಗಾದಿ ಬಿಚ್ಚಿ, ಅಂಗಳದಲ್ಲೇ ಹಿಂಜಿ, ಸಂಜೆಯೊಳಗೆ ಮೊಳ ಎತ್ತರ ಉಬ್ಬಿಸಿ ಹೊಲಿದು ಕೊಡುತ್ತಿದ್ದ. ಮಗಳ ಮದುವೆಗೆ ಹೊಸ ಗಾದಿ ಆಗಲೇಬೇಕು. ಮಳೆಗಾಲದಲ್ಲಿ ಹತ್ತಿ ತೇವ ಹಿಡಿಯುವುದರಿಂದ ಕೆಲಸ ಕಡಿಮೆ, ಆ ತಿಂಗಳುಗಳಲ್ಲಿ ಹೊಲದ ಕೂಲಿ.

ನಡುವೆ ಒಮ್ಮೆ ದೇಶಕ್ಕೆ ಹತ್ತಿ ಹಿಂಜುವವರು ತುರ್ತಾಗಿ ಬೇಕಾದರು. ಗಾಂಧೀಜಿ ಖಾದಿಗೆ ಕೈಹಾಕಿದಾಗ ರಾಟೆ ಸಿಗುವುದೇ ಕಷ್ಟವಾಗಿತ್ತು. ಗಂಗಾಬೆನ್ ಮಜುಮ್‌ದಾರ್ ಎಂಬ ಮಹಿಳೆ ಬಡೋದೆ ಸಂಸ್ಥಾನದ ವಿಜಾಪುರದಲ್ಲಿ ಅದನ್ನು ಪತ್ತೆ ಹಚ್ಚಿದರು. (ಅದು ಗುಜರಾತಿನ ವಿಜಾಪುರ, ನಮ್ಮದಲ್ಲ.) ರಾಟೆಗೆ ಹಂಜಿ ಬೇಕಲ್ಲ! ಮೊದಲು ಉಮರ್ ಸೋಬಾನಿ ತಮ್ಮ ಮಿಲ್ಲಿನಿಂದ ಹಂಜಿ ಕಳಿಸಿದರು. ಮಿಲ್ಲಿನ ಹಂಜಿಯಿಂದ ಖಾದಿ ನೂಲುವುದು ಗಾಂಧೀಜಿಯ ಮನಸ್ಸಿಗೆ ಒಗ್ಗಲಿಲ್ಲ. ಗಂಗಾಬೆನ್ ಕೊನೆಗೂ ಒಬ್ಬ ಪಿಂಜಾರನನ್ನು ಹುಡುಕಿದರು. ಆತ ಕೇಳಿದ್ದು ತಿಂಗಳಿಗೆ 35 ರೂಪಾಯಿಗೆ ಕಡಿಮೆಯಿಲ್ಲದ ಸಂಬಳ. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಆಗ ತಮಗೆ ಯಾವ ಬೆಲೆಯೂ ಹೆಚ್ಚೆನಿಸಲಿಲ್ಲ ಎಂದು ಗಾಂಧೀಜಿ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಆ ಪಿಂಜಾರನ ಹೆಸರನ್ನು ಮಾತ್ರ ಅವರು ಬರೆದಿಲ್ಲ. ಸ್ವಾತಂತ್ರ್ಯ ಹೋರಾಟದ ಕಥೆಯಲ್ಲಿ ರಾಟೆ ಧ್ವಜದ ಮೇಲೇರಿತು. ರಾಟೆಗೆ ಅನ್ನ ಹಾಕಿದ ಬಿಲ್ಲನ್ನು ಯಾರೂ ಚಿತ್ರಿಸಲಿಲ್ಲ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಶುರುವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ತಯಾರಿಗೆ ದೇಶಕ್ಕೇ ಹೆಸರಾಗಿದೆ. ನದಾಫ ಎಂಬ ಅಡ್ಡಹೆಸರು ಅತಿ ಹೆಚ್ಚು ಕೇಳಿಬರುವ ಸೀಮೆಯಲ್ಲೇ ಅದು ಇದೆ. ಖಾದಿಯ ಪ್ರತಿ ಮೊಳವೂ ಹಿಂಜಿದ ಹತ್ತಿಯಿಂದಲೇ ಆರಂಭ, ಇಂದು ಆ ಕೆಲಸ ಯಂತ್ರದ್ದು.

ಕೊನೆಯ ಪೆಟ್ಟು ನಿರ್ಣಾಯಕವಾಗಿತ್ತು. ಮೊದಲು ವಿದ್ಯುತ್ತಿನ ಹಿಂಜುವ ಮಷಿನ್, ನಂತರ ತೆಂಗಿನ ನಾರಿಗೆ ರಬ್ಬರ್ ಸೇರಿಸಿ ಮಾಡಿದ ಹಾಸಿಗೆ, ಆಮೇಲೆ ಫೋಮ್. ಹತ್ತು ಜನರ ದಿನದ ಕೆಲಸವನ್ನು ಮಷಿನ್ ಗಂಟೆಗಳಲ್ಲಿ ಮುಗಿಸಿತು. ಫೋಮ್ ಬಂದ ಮೇಲೆ ಹಿಂಜುವ ಅಗತ್ಯವೇ ಉಳಿಯಲಿಲ್ಲ. ಬಂಡವಾಳ ಹೊಂದಿಸಿಕೊಂಡ ಕೆಲವರು ಗಾದಿ ಅಂಗಡಿ ಇಟ್ಟರು, ಉಳಿದವರು ಬೇರೆ ದಾರಿ ನೋಡಿಕೊಂಡರು.

ಕಸುಬು ಹೋದ ಮೇಲೆ ಹೆಸರಿಗೆ ಹೊಸ ತೂಕ ಬಂದಿದೆ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಮುಸ್ಲಿಮರು ಸಾಮಾನ್ಯವಾಗಿ ಬರುವುದು 2ಬಿ ಪ್ರವರ್ಗದಲ್ಲಿ. ನದಾಫ, ಪಿಂಜಾರ, ಲದಾಫ, ದರ್ವೇಶ, ಛಪ್ಪರಬಂದ ಮೊದಲಾದ ಕೆಲವು ಸಮುದಾಯಗಳಿಗೆ ಮಾತ್ರ ಪ್ರವರ್ಗ-1ರಲ್ಲಿ ಜಾಗ. ಅಲ್ಲಿ ಕೆನೆಪದರದ ಮಿತಿ ಇಲ್ಲ. ಇಲ್ಲಿಯೇ ತೊಡಕೂ ಇದೆ. ಒಂದೇ ಮನೆಯಲ್ಲಿ ಅಣ್ಣನ ಶಾಲಾ ದಾಖಲೆಯಲ್ಲಿ ‘ಪಿಂಜಾರ’, ತಮ್ಮನದರಲ್ಲಿ ‘ನದಾಫ’, ತಂದೆಯದರಲ್ಲಿ ಬರೀ ‘ಮುಸ್ಲಿಂ’ ಅಥವಾ ‘ಶೇಖ್’ ಎಂದಿದ್ದರೆ ತಹಶೀಲ್ದಾರ್ ಕಚೇರಿಯಲ್ಲಿ ಪ್ರಶ್ನೆ ಏಳುತ್ತದೆ. ಅರವತ್ತು ವರ್ಷದ ಹಿಂದೆ ಮಾಸ್ತರು ಅವಸರದಲ್ಲಿ ಬರೆದ ಒಂದು ಪದ ಇಂದಿನ ಮೊಮ್ಮಗಳ ಎಂಜಿನಿಯರಿಂಗ್ ಸೀಟಿನ ಪ್ರಶ್ನೆಯಾಗಿ ನಿಲ್ಲುತ್ತದೆ. ಸಮುದಾಯದ ಸಂಘಟನೆಗಳು ಅದಕ್ಕೇ ‘ನದಾಫ/ಪಿಂಜಾರ’ ಎಂದು ನಡುವೆ ಓರೆಗೆರೆ ಹಾಕಿ ಎರಡನ್ನೂ ಜೊತೆಗೆ ಬರೆಯುತ್ತವೆ. ತಿಳಿವಳಿಕೆಯುಳ್ಳ ತಂದೆತಾಯಿ ಮಗುವನ್ನು ಒಂದನೇ ತರಗತಿಗೆ ಸೇರಿಸುವ ದಿನವೇ ಜಾತಿಯ ಕಾಲಂನಲ್ಲಿ ಪಿಂಜಾರ, ಅಡ್ಡಹೆಸರಿನ ಕಾಲಂನಲ್ಲಿ ನದಾಫ ಎಂದು ಬರೆಸಿ, ಕಾಗುಣಿತ ಸರಿಯಿದೆಯೇ ಎಂದು ಎರಡು ಸಲ ನೋಡಿಕೊಂಡು ಸಹಿ ಹಾಕುತ್ತಾರೆ.